ಗೋಡೆಯಾಚೆಗೆ ಕೇಳುವಷ್ಟು

ಅಮ್ಮಾ,

ಇವತ್ತು ನೀನಿಲ್ಲದ ಮತ್ತೊಂದು ಹಬ್ಬ. ಪಕ್ಕದ ಮನೆಯ ಟೈಲರಮ್ಮನ ಗಂಡ ತೀರಿಕೊಂಡು ತಿಂಗಳೂ ಆಗಿಲ್ಲವೆಂದು ನಾನು ಹಾಡು ನಿಲ್ಲಿಸಿ, ಮಕ್ಕಳನ್ನು ಗದರಿಸಿ ಕೂರಿಸಿದ್ದೆ. ಸಂಜೆ ಅವಳೇ ಬಾಗಿಲು ತಟ್ಟಿದಳು.

"ಏನಕ್ಕಾ, ನಿಮ್ಮನೇಲೂ ಯಾರಾದ್ರೂ ಹೋದ್ರಾ? ನಮ್ಮನೆ ಬಿಕೋ ಅನ್ನೋದು ಸಾಲ್ದಾ? ಹಾಡು ಹಾಕಿ. ಸ್ವಲ್ಪ ಸಣ್ಣಗಿರ್ಲಿ, ಅಷ್ಟೆ."

"ಸಣ್ಣಗೆ ಅಂದ್ರೆ ಎಷ್ಟು?" ಎಂದೆ.

"ಸಾಕಾದಾಗ ಗೋಡೆ ತಟ್ತೀನಿ, ಬಿಡಿ."

ಹಾಡು ಹಾಕಿ ಮೆಲ್ಲಗೆ ಏರಿಸುತ್ತ ಹೋದೆ. ನಾನಂದುಕೊಂಡದ್ದಕ್ಕಿಂತ ಎಷ್ಟೋ ಜೋರಾದ ಮೇಲೆ ಅವಳು ತಟ್ಟಿದಳು.

ಅಪ್ಪ ತೀರಿಕೊಂಡ ವರ್ಷ, ಎದುರುಮನೆಯ ಹಾಡು ಕೇಳಿ ನೀನು ಕಿಟಕಿಗೆ ಬಂದಿದ್ದೆ. ನಾನು ಓಡಿಬಂದು ಕಿಟಕಿ ಮುಚ್ಚಿದೆ. ಮುಚ್ಚಿದ ಕಿಟಕಿಯ ಬಳಿಯೇ ನೀನು ಸ್ವಲ್ಪ ಹೊತ್ತು ನಿಂತಿದ್ದೆ.