ಹನ್ನೊಂದನೆಯದು ಹಾಡಲ್ಲ

ನಿಟ್ಟೂರು
4-8-2024, ಭಾನುವಾರ

ಪ್ರೀತಿಯ ಬಿಂದೂ,

ನೆಗಡಿ ಬಿಟ್ಟಿತೆ? ಹಾಸ್ಟೆಲಿನ ಸಾರು ಹೊಟ್ಟೆಗೆ ಒಗ್ಗಿತೆ? ನಾವಿಬ್ಬರೂ ಆರಾಮಾಗಿದ್ದೇವೆ. ನಿನ್ನಮ್ಮನಿಗೆ ಮಂಡಿನೋವು, ಅದೂ ಮೆಟ್ಟಿಲು ಹತ್ತುವಾಗ ಮಾತ್ರ. ಕುಣಿಗಲ್ಲೇನು ದೂರವಲ್ಲ, ಎರಡು ಬಸ್ಸು. ಆದರೂ ಫೋನ್ ಒಳಗೆ ಬಿಡದ ನಿನ್ನ ಹಾಸ್ಟೆಲಿಗೆ ಕಾಗದ ಬರೆಯಲು ಕೂತರೆ ನೀನು ಬಹಳ ದೂರ ಹೋಗಿಬಿಟ್ಟಂತೆ ಅನ್ನಿಸುತ್ತದೆ.

"ಇಲ್ಲಿ ತುಂಬ ನಿಶ್ಶಬ್ದ, ನಿದ್ದೆ ಬರಲ್ಲ, ಹಾಡು ಕೇಳೋಕೆ ಒಂದು ಪ್ಲೇಯರ್ ಆದ್ರೂ ಕೊಡ್ಸಿ, ಇಲ್ದಿದ್ರೆ ಟಿ.ಸಿ. ತಗೊಂಡು ಬಂದ್ಬಿಡ್ತೀನಿ" ಎಂದು ಬರೆದಿದ್ದೆಯಲ್ಲ. ನಿಮ್ಮ ವಾರ್ಡನ್ ರಂಗಲಕ್ಷ್ಮಮ್ಮನವರನ್ನು ಕೇಳಿದೆ. ಸಿಮ್, ಕ್ಯಾಮೆರಾ, ನೆಟ್ ಯಾವುದೂ ಇರಕೂಡದು ಎಂದರು. ಇಷ್ಟೆಲ್ಲ ಇಲ್ಲದ ಒಂದು ವಸ್ತುವನ್ನು ಹುಡುಕಿಕೊಂಡು ಗುರುವಾರ ಅರ್ಧ ದಿನ ರಜೆ ಹಾಕಿ, ಗುಬ್ಬಿಯ ಆಫೀಸಿನಿಂದಲೇ ತುಮಕೂರಿಗೆ ಹೋದೆ. ಬಟವಾಡಿಯ ಅಂಗಡಿಯ ಭಾನುಪ್ರಕಾಶ್ "ಇದ್ನ ಈಗ ಯಾರ್ ಕೇಳ್ತಾರೆ ಸಾರ್, ನೀವೊಬ್ರೆ" ಎನ್ನುತ್ತ ಮೂರು ತೆಗೆದಿಟ್ಟ. ಮೊದಲನೆಯದು ಚೆಂದವಿತ್ತು, ಆದರೆ ವಿಡಿಯೋ ಬರುತ್ತದೆ, ವಾರ್ಡನ್ ಒಪ್ಪುವುದಿಲ್ಲ. ಎರಡನೆಯದಕ್ಕೆ ಪರದೆಯೇ ಇಲ್ಲ, ಯಾವ ಹಾಡು ಬರುತ್ತದೆಂದು ಅದಕ್ಕೇ ಗೊತ್ತು. ಮೂರನೆಯದು ಬೆಂಕಿಪೊಟ್ಟಣದಷ್ಟು, ಮೇಲೆ ಐದು ಉಬ್ಬು ಗುಂಡಿಗಳು. ಅಂಗಡಿಯಲ್ಲೇ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ. ಹೊದಿಕೆಯೊಳಗೂ ನಿನ್ನ ಕೈಗೆ ಸಿಗುತ್ತವೆ. ಅದನ್ನೇ ತಗೊಂಡೆ.

ನೀನು ಬರೆದುಕಳಿಸಿದ್ದ ಹತ್ತೂ ಹಾಡು ಹಾಕಿಸಿದ್ದೇನೆ. ಆದರೆ ನಿಶ್ಶಬ್ದ ಎಂದಿದ್ದೆಯಲ್ಲ, ಆ ಮಾತು ನನ್ನನ್ನು ಬಿಟ್ಟಿರಲಿಲ್ಲ. ಹುಟ್ಟಿದಾಗಿನಿಂದ ರೈಲು ಹಳಿಯ ಪಕ್ಕ ಮಲಗಿದವಳು ನೀನು. ನಿನಗೆ ಬೇಕಾಗಿರುವುದು ಹಾಡೇ ಇರಲಾರದು ಅನ್ನಿಸಿತು. ಅದಕ್ಕೇ ಕಳೆದ ಭಾನುವಾರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಫೋನ್ ಹಿಡಿದು, ಸದ್ದು ರೆಕಾರ್ಡ್ ಮಾಡಲು ಗೂಡ್ಸ್ ರೈಲಿಗೆ ಕಾದು ಕೂತೆ. ರೈಲ್ವೆ ಗೇಟಿನ ಗಂಟೆ ಹೊಡೆಯಿತು. ರೈಲಿನ ಧೂಳು ಬರುವ ಮುಂಚೆ ಹಗ್ಗದ ಮೇಲಿನ ಬಟ್ಟೆ ತೆಗೆಯುವುದು ಆರನೇ ವಯಸ್ಸಿನಿಂದ ನಿನ್ನ ಕೆಲಸವಲ್ಲವೆ. ಅಡುಗೆಮನೆಯಿಂದ ನಿನ್ನಮ್ಮ ಅದೇ ಅಭ್ಯಾಸದಲ್ಲಿ ಕೂಗಿಬಿಟ್ಟಳು: "ಬಿಂದೂ, ಗೂಡ್ಸ್ ಬಂತು ಕಣೇ, ಬಟ್ಟೆ ತಗಿಯೇ." ಯಾರೂ ಓಡಲಿಲ್ಲ. ಫೋನ್ ಅಲುಗಾಡೀತೆಂದು ನಾನೂ ಏಳಲಿಲ್ಲ. ರೈಲು ಪೂರ್ತಿ ಹೋಯಿತು. ಅವಳು ಬಾಗಿಲಿಗೆ ಬಂದು, ಧೂಳು ಹಿಡಿದ ಬಿಳಿ ಪಂಚೆಯನ್ನು ನೋಡಿ ಒಳಗೆ ಹೋದಳು. ಆಮೇಲೆ ಬಂದು, "ನಾನ್ ಕೂಗಿದ್ದನ್ನ ಕಟ್ ಮಾಡ್ಸ್‌ಬುಡಿ. ಕೇಳಿದ್ರೆ ಮಗು ಅವತ್ತೇ ಬ್ಯಾಗ್ ಎತ್ಕೊಂಡು ಬಂದ್ಬುಡ್ತದೆ" ಎಂದಳು. ಅಂಗಡಿಯಲ್ಲಿ ಭಾನುಪ್ರಕಾಶನೂ ಅದನ್ನು ಕೇಳಿಸಿಕೊಂಡು, "ಮಧ್ಯದಲ್ಲಿ ಯಾರೋ ಕೂಗ್ತವ್ರೆ ಸಾರ್, ತೆಗೀಲಾ?" ಎಂದ.

ಡಬ್ಬಿಯಲ್ಲಿ ನಿಪ್ಪಟ್ಟಿದೆ, ರೂಮಿನವರಿಗೂ ಕೊಡು. ಒದ್ದೆ ತಲೆಯಲ್ಲಿ ಜಡೆ ಹಾಕಬೇಡ ಎಂದು ನಿನ್ನಮ್ಮ ಹೇಳುತ್ತಿದ್ದಾಳೆ. ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ ಅಪ್ಪ,
ನಾಗಭೂಷಣ್

ಮರೆತಿದ್ದೆ: ಹನ್ನೊಂದನೆಯದು ರೈಲು. ಕಟ್ ಮಾಡಿಸಿದೆ ಎಂದು ನಿನ್ನಮ್ಮನಿಗೆ ಹೇಳಿದ್ದೇನೆ. ಮಾಡಿಸಿಲ್ಲ. ನಿನ್ನನ್ನು ಅಲ್ಲಿ ನಿಲ್ಲಿಸಲು ಹಾಗೇ ಬಿಟ್ಟೆನೋ, ಇಲ್ಲಿಗೆ ಕರೆಯಲು ಬಿಟ್ಟೆನೋ, ಬಸ್ಸಿನಲ್ಲಿ ವಾಪಸು ಬರುವಾಗಲೂ ನನಗೆ ತಿಳಿಯಲಿಲ್ಲ. ಒಂದೆರಡು ವಾರ ಕೇಳು. ಆಮೇಲೆ ಟಿ.ಸಿ. ವಿಷಯ ನೀನೇ ಹೇಳು, ನಾನು ಬೇಡ ಅನ್ನುವುದಿಲ್ಲ. ಗೇಟಿನ ಗಂಟೆ ಹೊಡೆಯುತ್ತಿದೆ. ಬಟ್ಟೆ ತೆಗೆಯಬೇಕು, ಈಗ ಅದು ನನ್ನ ಕೆಲಸ.