ಖಾಲಿ ಬಾರದ ಪಿಸ್ವಿಗಳು

ಇಂಡಿ
೯ ಫೆಬ್ರುವರಿ ೨೦೨೫

ಪ್ರೀತಿಯ ಮಂಜರಿ,

‘ನಿನ್ನ ದೀಪಕ್ಕೆ ನನ್ನ ಮನೆ ಬೆಳಗಿತು’ ಎಂಬ ಸಾಲನ್ನು ಎಲ್ಲೋ ಓದಿದ್ದೆ. ಬೆಳಗಿತು ಎಂದಿತ್ತೋ, ಬೆಂದಿತು ಎಂದಿತ್ತೋ? ನೆನಪಾಗುತ್ತಿಲ್ಲ. ಇರಲಿ. ನಿನ್ನ ಬೆನ್ನುನೋವು ಹೇಗಿದೆ? ಪುಣೆಯ ಚಳಿಗೆ ಹೆಚ್ಚಾಗಿರಬೇಕು. ಎಳ್ಳೆಣ್ಣೆ ಹಚ್ಚಿಸಿಕೊಳ್ಳಲು ಸಂಕೋಚಪಡಬೇಡ. ಇಲ್ಲಿ ನಾವು ಕ್ಷೇಮ.

ನಿಮ್ಮ ಕಂಪನಿಯ ಸೂಪರ್ ಮಾರ್ಕೆಟ್ ಇಲ್ಲಿ ತೆರೆದಾಗಿನಿಂದ ನಮ್ಮ ಓಣಿಯಲ್ಲಿ ನಿನ್ನದೇ ಮಾತು. ಅದರ ಪರಿಸರ ವಿಭಾಗಕ್ಕೆ ನೀನೇ ಮುಖ್ಯಸ್ಥೆ, ಪ್ಲಾಸ್ಟಿಕ್ ಬದಲು ಬಟ್ಟೆಯ ಚೀಲ ಕೊಡುವ ಯೋಜನೆ ನಿನ್ನದು, ಬಳಸಿ ಹಿಂದಿರುಗಿಸಿದರೆ ಸಾಕು ಎಂದೆಲ್ಲ ನನಗೇ ಬಂದು ಹೇಳುತ್ತಾರೆ. ಅದಕ್ಕೂ ಮೊದಲು ಆಯಿಯ ಹಳೆಯ ಸೀರೆಗಳನ್ನು ಕತ್ತರಿಸಿ ನಾನು ಹೊಲಿದು ಹಂಚಿದ ಕೈಚೀಲಗಳನ್ನು, ನಮ್ಮ ಪಿಸ್ವಿಗಳನ್ನು, ಒಬ್ಬರೂ ಬಜಾರಕ್ಕೆ ಒಯ್ಯಲಿಲ್ಲ. ಪಕ್ಕದ ಮನೆಯ ಸುಲ್ತಾನಬಿ ಅದರಲ್ಲಿ ಉಳ್ಳಾಗಡ್ಡಿ ತುಂಬಿ ಮೊಳೆಗೆ ತೂಗುಹಾಕಿದ್ದಳು. “ಭಾಳ ಚಂದ ಅದಾವ್ರಿ ಬಾಯಿ, ಒಯ್ದರ ಹೊಲಸ ಆಗ್ತಾವ” ಎಂದಳು. ಈಗ ನಿನ್ನ ಚೀಲ ಹಿಡಿದು ಹೋಗುವವರನ್ನು ಕಿಟಕಿಯಿಂದ ನೋಡುತ್ತ ಕೂಡುತ್ತೇನೆ. ಚಿಕ್ಕಂದಿನಲ್ಲಿ ನಿನ್ನ ಪಾಟಿಯ ಮೇಲಿನ ಅಕ್ಷರಕ್ಕೆ ‘ಶಾಬಾಸ್’ ಸಿಕ್ಕಾಗ ಹೀಗೇ ಹೊಟ್ಟೆ ಉರಿಯುತ್ತಿತ್ತು. ಎಂ.ಎ. ಮಾಡಿದರೂ, ಇಷ್ಟು ಕವಿತೆ ಓದಿದರೂ ಆ ಉರಿ ಸಣ್ಣದಾಗಿಲ್ಲ.

ಜನ ಚೀಲದಲ್ಲಿ ಕಸ ತುಂಬಿ ಕೊಡುತ್ತಾರೆಂದು ಇಲ್ಲಿಯ ಮ್ಯಾನೇಜರ್ ಬರೆದಿದ್ದಾನೆ, ತಿಂಗಳ ಕೊನೆಗೆ ಯೋಜನೆ ನಿಲ್ಲಿಸುತ್ತಾರೆ, ಹೋಗಿ ನೋಡಕ್ಕ ಎಂದು ನೀನು ಹೇಳಿದ್ದೆ. ನೋಡಿದೆ. ಹಿಂದೆ ಬಂದ ಚೀಲಗಳಲ್ಲಿ ಲಿಂಬೆಹಣ್ಣು, ಹಿಡಿ ಜೋಳ, ಒಣಮೆಣಸಿನಕಾಯಿ ಇದ್ದದ್ದು ನಿಜ. ಕೆಲವಕ್ಕೆ ಇರುವೆ ಹತ್ತಿದ್ದೂ ನಿಜ. ನಿಲ್ಲಿಸುವುದಾದರೆ ನಿಲ್ಲಿಸಲಿ. ನನ್ನನ್ನು ಕೇಳಿದರೆ ಊರಿಗೇನೂ ನಷ್ಟವಿಲ್ಲ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬೆನ್ನು ನೆಟ್ಟಗಾಗಲಿ.

ನಿನ್ನ ಅಕ್ಕ,
ವೃಂದಾ

ತಾ.ಕ.: ಅಂಚೆಗೆ ಹಾಕುವ ಮುನ್ನ ಇಷ್ಟು ಬರೆಯಲೇಬೇಕು. ಅದು ಕಸವಲ್ಲ, ಮಂಜರಿ. ಕೈಗಡ ತಂದದ್ದನ್ನು ಇಲ್ಲಿ ಯಾರೂ ಖಾಲಿ ಮರಳಿಸುವುದಿಲ್ಲ. ಹೊರಗಿನಿಂದ ಬಂದ ನಿಮ್ಮ ಮ್ಯಾನೇಜರಿಗೆ ಅದು ಗೊತ್ತಿಲ್ಲ. ಚೀಲಗಳ ಪಕ್ಕ ಒಂದು ಬುಟ್ಟಿ ಇಡಿಸು, ಬಂದದ್ದನ್ನು ಬೇಕಾದವರು ಒಯ್ಯಲಿ. ಯೋಜನೆ ನಿಲ್ಲಿಸಲು ಬಿಡಬೇಡ. ಇದನ್ನು ಬರೆಯುವ ಮನಸ್ಸಿರಲಿಲ್ಲ. ಈಗಷ್ಟೇ ಸುಲ್ತಾನಬಿ ನಿನ್ನ ಚೀಲ ಮಡಚಿ ಹಿಡಿದು ಬಾಗಿಲಿಗೆ ಬಂದಳು. ನಾನು ಕೊಟ್ಟದ್ದನ್ನು ಮಾತ್ರ ಯಾಕೆ ಮೊಳೆಗೆ ಹಾಕಿದೆ ಎಂದು ಕೇಳಿಯೇಬಿಟ್ಟೆ. “ನಿಮ್ಮದು ವಾಪಸ್ ಕೊಡೂದಿತ್ತೇನ್ರಿ ಬಾಯಿ? ಇದು ನಿಮ್ಮ ತಂಗೀದು. ಅಕಿಗೆ ಬರೀ ಪಿಸ್ವಿ ಹೆಂಗ ಕಳಸೂದು? ಇವತ್ತ ನಮ್ಮ ಮನ್ಯಾಗ ಏನೂ ಇಲ್ಲ, ಒಂದ ಲಿಂಬಿಹಣ್ಣ ಕೊಡ್ರಿ.”