ಬೀಗದಜ್ಜಿಯ ಮನೆ ನೋಡಿ ಬಂದೆ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪಾಳಿ ಮುಗಿಸಿ ಬಂದು ಊಟ ಬಿಟ್ಟು ಮಲಗೋ ಚಾಳಿ ಇನ್ನೂ ಇದೆಯಾ? ಆಸ್ಪತ್ರೆಯವರಿಗೆಲ್ಲ ಬುದ್ಧಿ ಹೇಳೋ ನರ್ಸಮ್ಮನಿಗೆ ಹೇಳೋರು ಯಾರೂ ಇಲ್ಲ, ಅದಕ್ಕೇ ಕೇಳ್ತಿದ್ದೀನಿ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೀವಿ. ಫೋನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕ್ತೀಯ ಅಂತ ಕಾಗದ ಬರೀತಿದ್ದೀನಿ.

ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಬೀಗದಜ್ಜಿಯ ಮನೆ ಮಾರಾಟಕ್ಕಿದೆ. ನಲ್ಲಿಗೂ ಬೀಗ ಜಡೀತಿದ್ದ ಆ ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಈಗ ಅವಳ ಸೊಸೆ ಮಾರ್ತಿದ್ದಾಳೆ. ಅಮ್ಮ ತೀರಿಕೊಂಡ ಮೇಲೆ ನಾವು ಗಂಟುಮೂಟೆ ಕಟ್ಟಿದ ದಿನ ನೀನು ಹೊಸ್ತಿಲಲ್ಲಿ ನಿಂತು, "ಅಳಬೇಡ ಕಣೋ, ಒಂದಿನ ಈ ಮನೇನ ನಾವೇ ಕೊಳ್ಳೋಣ" ಅಂದಿದ್ದೆ. ಇಪ್ಪತ್ತಾರು ವರ್ಷದಿಂದ ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ನಿನ್ನೆ ಮೇಸ್ತ್ರಿಯನ್ನು ಕರ್ಕೊಂಡು ನೋಡೋಕೆ ಹೋದೆ. ನಾನು ಯಾರು ಅಂತ ಸೊಸೆಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಅಡುಗೆಮನೆಗೆ ಇಳಿಯೋ ಆ ಒಂಟಿ ಮೆಟ್ಟಿಲು ನನ್ನ ಕಾಲಿಗೇ ನೆನಪಿತ್ತು, ಮೇಸ್ತ್ರಿ ಎಡವಿದ. ಮಹಡಿ ಮೆಟ್ಟಿಲ ಕೆಳಗೆ ನೀನು ಚಾದರ ಅಡ್ಡ ಕಟ್ಟಿಕೊಂಡು ಪರೀಕ್ಷೆಗೆ ಓದ್ತಿದ್ದ ಸಂದಿಯಲ್ಲಿ ಈಗ ಒಡಕು ಬಕೆಟ್ಟುಗಳು. ನನ್ನ ತಲೆ ಸಿಕ್ಕಿಹಾಕಿಕೊಂಡು, ಅಮ್ಮ ಎಣ್ಣೆ ಸವರಿ ಬಿಡಿಸಿದ್ದ ಕಿಟಕಿ ಸರಳು ಇನ್ನೂ ಸೊಟ್ಟಗೇ ಇದೆ. ನೀನು ಅವತ್ತು ಬಿದ್ದು ಬಿದ್ದು ನಕ್ಕಿದ್ದೆ, ಮರೆತಿಲ್ಲ. ಆ ಒಂಟಿ ಮೆಟ್ಟಿಲು ತೆಗೆದು ನೆಲ ಸಮ ಮಾಡೋದು, ಅಡುಗೆಮನೆ ಅಗಲ ಮಾಡೋದು, ಎಲ್ಲ ಮನಸ್ಸಲ್ಲೇ ಮುಗಿಸಿಬಿಟ್ಟಿದ್ದೆ.

ನಡುಮನೆಗೆ ಬಂದೆವು. ಎಲ್ಲ ಬಿಟ್ಟು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ನನ್ನಂಥ ಕೊಳಾಯಿ ಕೆಲಸದವನಿಗೆ ಅನುಮಾನ ಬರದೆ ಇರುತ್ತಾ? ತಟ್ಟಿದೆ, ಸದ್ದು ಮೆತ್ತಗಿತ್ತು. ಸೊಸೆಯನ್ನು ಕೇಳಿ ಮೇಸ್ತ್ರಿ ಸ್ವಲ್ಪ ಗಾರೆ ಕೆರೆದ, ಹಸಿ ಮಣ್ಣಿನ ಹಾಗೆ ಕೈಗೆ ಬಂತು. ಒಳಗೆ ಬಚ್ಚಲ ಪೈಪು ತುಕ್ಕು ತಿಂದು ಜಿನುಗ್ತಾ ಇತ್ತು. "ನಿನ್ನೆ ಮೊನ್ನೆ ಸೋರಿದ್ದಲ್ಲಪ್ಪ ಇದು, ಮೂವತ್ತು ವರ್ಷದ್ದು" ಅಂದ.

ಅಕ್ಕಾ, ಅಮ್ಮ ತಲೆ ಇಟ್ಟು ಮಲಗ್ತಿದ್ದದ್ದು ಆ ಗೋಡೆ ಪಕ್ಕ. ದಿಂಬು ಯಾವಾಗಲೂ ತಣ್ಣಗಿರುತ್ತೆ ಅಂತಿದ್ದಳು. ಜ್ವರದಲ್ಲಿ ಏನೋ ಅಂತಾಳೆ ಅಂದುಕೊಂಡಿದ್ವಿ. ಅವಳ ಕೆಮ್ಮು ಅದರಿಂದಲೇ ಬಂತು ಅಂತ ನಾನು ಹೇಳಲಾರೆ, ಅದು ನಿನ್ನ ವಿದ್ಯೆ. ಪೈಪು ಬದಲಿಸಿ ಗೋಡೆ ಒಣಗಿಸೋದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಅಲ್ಲಿ ಮಲಗಿದರೆ ನಿದ್ದೆ ಹತ್ತಲ್ಲ. ಬೇಡ ಅಂತ ಹೇಳಿ ಬಂದುಬಿಟ್ಟೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಬೈಯೋದಿದ್ದರೆ ಬೈ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನವಳು ನಿನ್ನನ್ನು ಕೇಳಿದಳು ಅಂತ ತಪ್ಪದೆ ಬರೆಯೋಕೆ ಹೇಳಿದಾಳೆ.

ನಿನ್ನ ಪ್ರೀತಿಯ
ತಮ್ಮ

ಲಕೋಟೆ ಅಂಟಿಸೋ ಮೊದಲು: ಹಿಂದಿನ ಬೀದಿಯಲ್ಲಿ ಇನ್ನೊಂದು ಮನೆ ನೋಡಿದೆ. ಚಂದ ಏನಿಲ್ಲ, ಆದರೆ ಬೆಳಿಗ್ಗೆ ಬಿಸಿಲು ಒಳಗೆ ಬರುತ್ತೆ, ಎಲ್ಲ ಗೋಡೆಯೂ ಒಣಗಿದೆ. ಕಾಗದಪತ್ರ ನಿನ್ನ ನನ್ನ ಇಬ್ಬರ ಹೆಸರಲ್ಲೂ ಆಗಲಿ ಅಂತ ಹೇಳಿದ್ದೀನಿ. ಸಹಿ ಅಂಚೆಯಲ್ಲಿ ಕಳಿಸಬೇಡ, ನೀನೇ ಬಾ. ನಿನ್ನ ರೂಮು ಯಾವುದು ಅಂತ ನೀನು ತೋರಿಸೋ ತನಕ ಮೇಸ್ತ್ರಿಗೆ ಸುತ್ತಿಗೆ ಎತ್ತಬೇಡ ಅಂದಿದ್ದೀನಿ.